ಸಿದ್ದವ್ವನ ಪಾಲಿನ ಮಣ್ಣು

ಹತ್ತಿಮತ್ತೂರಿನ ಯಂಕವ್ವನ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಹಿಂದಿನವರು ವರ್ಷದ ಜೋಳವನ್ನು ನೆಲದೊಳಗೆ ಸುರಿದು ಮುಚ್ಚಿಡುತ್ತಿದ್ದ ಆಳದ ಕುಣಿ ಅದು. ಬಾಯಿ ಸಣ್ಣದು, ಒಬ್ಬ ಆಳು ಹೆಗಲು ಕುಗ್ಗಿಸಿ ಇಳಿಯಬೇಕು. ಒಳಗೆ ಮಾತ್ರ ಗಬ್ಬದ ಎಮ್ಮೆಯ ಹೊಟ್ಟೆಯ ಹಾಗೆ ಅಗಲ. ಯಂಕವ್ವ ಆ ಮನೆಗೆ ಸೊಸೆಯಾಗಿ ಕಾಲಿಡುವಷ್ಟರಲ್ಲಿ ಅದಕ್ಕೆ ಜೋಳ ಹಾಕುವುದು ನಿಂತುಹೋಗಿತ್ತು. ಹೊಸ ತಳಿಯ ಜೋಳ ಬಂದಿತ್ತು, ಅದು ನೆಲದೊಳಗೆ ಬಾಳಿಕೆ ಬರುವುದಿಲ್ಲ ಅಂದರು. ಗೋಣಿಚೀಲ ಬಂದವು, ಚೀಲದ ನಡುವೆ ಇಡುವ ವಿಷದ ಗುಳಿಗೆ ಬಂದವು. ಬಾಯಿ ತೆರೆದ ಕುಣಿ ಅಂಗಳದಲ್ಲಿದ್ದರೆ ಕರು ಕಾಲು ಜಾರಿ ಬಿದ್ದೀತೆಂದು ಅತ್ತೆ ಸಿದ್ದವ್ವ ಮನೆಯ ಕಸವನ್ನೆಲ್ಲ ಅದಕ್ಕೇ ಹಾಕತೊಡಗಿದಳು. ಅತ್ತೆ ಮಾಡಿದ್ದನ್ನು ಯಂಕವ್ವ ಮಾಡಿದಳು, ಯಂಕವ್ವ ಮಾಡಿದ್ದನ್ನು ಅವಳ ಸೊಸೆ ಭಾಗ್ಯಶ್ರೀ ಮಾಡಿದಳು. ಬೆಳಗ್ಗೆ ಎದ್ದು ಗುಡಿಸಿ, ಬುಟ್ಟಿ ಎತ್ತಿ, ಚಪ್ಪಡಿ ಸರಿಸಿ ಸುರಿದು, ಮತ್ತೆ ಚಪ್ಪಡಿ ಎಳೆದು ಕೈ ಝಾಡಿಸಿದರೆ ಮುಗಿಯಿತು. ಒಳಗೆ ಏನಾಗುತ್ತದೆಂದು ಯಾರೂ ಕೇಳಿದವರಲ್ಲ. ಹಾಕಿದಷ್ಟೂ ತಗ್ಗುತ್ತಿತ್ತು. ಆ ಕುಣಿಗೆ ತಳವೇ ಇಲ್ಲವೇನೋ ಎಂಬ ಭರವಸೆ ಮನೆಮಂದಿಗೆಲ್ಲ.

ಈಚೆಗೊಂದು ಯುಗಾದಿಯ ಹೊತ್ತಿಗೆ ಅದು ತುಂಬಿತು. ಚಪ್ಪಡಿ ಸರಿಸಿದರೆ ಪ್ಲಾಸ್ಟಿಕ್ ಚೀಲಗಳು ಬಾಯಿಗೇ ಬಂದು ನಿಂತಿದ್ದವು. ಕಾಲಿನಿಂದ ತುಳಿದರೂ ಇಳಿಯಲೊಲ್ಲವು. ಗಾಳಿ ಬಿಟ್ಟಾಗ ಹಗುರಾದವು ಎದ್ದು ಹೊಲದ ಕಡೆ ಹಾರಿ ಜಾಲಿಕಂಟಿಗೆ ಸಿಕ್ಕಿಕೊಂಡು ಪಟಪಟ ಅನ್ನುತ್ತಿದ್ದವು.

ಯಂಕವ್ವನ ಮಗ ಫಕ್ಕೀರೇಶನಿಗೆ ಇದರಿಂದ ಸಂತೋಷವೇ ಆಯಿತು. ಹೊಸ ಟ್ರ್ಯಾಕ್ಟರು ನಿಲ್ಲಿಸಲು ಅವನು ಜಾಗ ಹುಡುಕುತ್ತಿದ್ದ. ತುಂಬಿದ ಹಗೇವಿನ ಮೇಲೆ ಒಂದು ಸ್ಲ್ಯಾಬು ಎಳೆದುಬಿಟ್ಟರೆ ಅಂಗಳವೆಲ್ಲ ಸಪಾಟು. ಸವಣೂರಿನಿಂದ ಗೌಂಡಿ ಇನಾಯತನನ್ನು ಕರೆಸಿದ. ಇನಾಯತ ಈ ಮನೆಯ ಗೋಡೆ, ಜಂತಿ, ಬಚ್ಚಲು ಎಲ್ಲ ಬಲ್ಲವನು, ಯಂಕವ್ವನ ಗಂಡ ಶಿದ್ಲಿಂಗಪ್ಪನನ್ನು ಕಾಕಾ ಅನ್ನುವವನು. ಅವನು ಬಂದವನೇ ಒಂದು ಕಬ್ಬಿಣದ ಹಾರಿ ಕೇಳಿ ಇಸಿದುಕೊಂಡು ಕಸದ ನಡುವೆ ನಿಲ್ಲಿಸಿ ಕೈಬಿಟ್ಟ. ಹಾರಿ ತನ್ನ ಭಾರಕ್ಕೆ ತಾನೇ ಸರಸರ ಇಳಿದು ಹಿಡಿಕೆಯಷ್ಟು ಮಾತ್ರ ಮೇಲೆ ಉಳಿಯಿತು.

“ಕಾಕಾ, ಇದರ ಮ್ಯಾಲೆ ಸ್ಲ್ಯಾಬ ಹಾಕಿದ್ರ ಒಂದಿನಾ ಟ್ರ್ಯಾಕ್ಟರು ಒಳಗ ಕುಂತಿರತೈತಿ,” ಅಂದ. “ಮದಲ ತಳಾ ಕಾಣೂತನಕಾ ತಗಸ್ರಿ. ಆಮ್ಯಾಲೆ ಗರಸು ಮಣ್ಣು ತುಂಬಿ ಬಡದು ಕೊಡ್ತೇನಿ.”

ಹೀಗೆ ಹಗೇವು ತೆಗೆಯುವ ಕೆಲಸ ಶುರುವಾಯಿತು. ಅದರಲ್ಲಿ ಯಾರ ದೊಡ್ಡ ವಿಚಾರವೂ ಇರಲಿಲ್ಲ. ಟ್ರ್ಯಾಕ್ಟರು ನಿಲ್ಲಬೇಕಿತ್ತು, ಅಷ್ಟೇ.

ಒಳಗೆ ಕೆಟ್ಟ ಗಾಳಿ ಇದ್ದೀತೆಂದು ಶಿದ್ಲಿಂಗಪ್ಪ ಬೇವಿನ ಟೊಂಗೆಯ ದೊಡ್ಡ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು ದಿನಾ ಬೆಳಗ್ಗೆ ಮೇಲೆ ಕೆಳಗೆ ಆಡಿಸುತ್ತಿದ್ದ. ಆಮೇಲೆ ಫಕ್ಕೀರೇಶ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಅವನು ತುಂಬಿಕೊಟ್ಟ ಬುಟ್ಟಿಯನ್ನು ಇನಾಯತ ಮತ್ತು ಶಿದ್ಲಿಂಗಪ್ಪ ಜಗ್ಗಿ ಮೇಲೆ ತಂದು ಬೇವಿನ ಮರದ ನೆರಳಿಗೆ ಸುರಿಯುತ್ತಿದ್ದರು. ಇಷ್ಟು ವರ್ಷದ ಕಸ, ಒಳ್ಳೆ ಗೊಬ್ಬರವಾಗಿರುತ್ತದೆ, ಹಾಗೇ ಒಯ್ದು ಹೊಲಕ್ಕೆ ಚೆಲ್ಲೋಣ ಎಂದು ಶಿದ್ಲಿಂಗಪ್ಪನ ಲೆಕ್ಕ. ಯಂಕವ್ವ ಬೇಡವೆಂದಳು. ಪ್ಲಾಸ್ಟಿಕ್ಕು ಹೊಲಕ್ಕೆ ಹೋದರೆ ಕುಂಟೆಯ ತುಂಬ ಅದೇ ಸುತ್ತಿಕೊಳ್ಳುತ್ತದೆ, ಮೇಯಲು ಬಿಟ್ಟ ದನ ತಿಂದು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ನಾನು ಕುಳಿತು ಆರಿಸಿಕೊಡುತ್ತೇನೆ ಅಂದಳು. ಜರಡಿಯೊಂದನ್ನು ಮುಂದಿಟ್ಟುಕೊಂಡು ಕುಳಿತಳು. ಎದುರಿಗೆ ಭಾಗ್ಯಶ್ರೀ, ಮೂಗಿಗೆ ಸೆರಗು ಕಟ್ಟಿಕೊಂಡು.

ಮೊದಮೊದಲು ಬಂದದ್ದೆಲ್ಲ ನಿನ್ನೆ ಮೊನ್ನೆಯದು. ಮೊಮ್ಮಕ್ಕಳು ತಿಂದು ಎಸೆದ ಚಿಪ್ಸಿನ ಪಾಕೀಟು, ನೀರಿನ ಬಾಟಲಿ, ಮೊಬೈಲಿನಲ್ಲಿ ತರಿಸಿದ ಸೀರೆ ಕುಪ್ಪಸಗಳ ಪಾರ್ಸಲ್ ಹೊದಿಕೆ, ಅಡಿಗೆ ಎಣ್ಣೆಯ ಚೀಲ, ಹಾಲಿನ ಚೀಲ. ಎಷ್ಟು ಹಾಲಿನ ಚೀಲ! ಎಮ್ಮೆ ಮಾರಿದ ಮೇಲೆ ದಿನಕ್ಕೆ ಇಷ್ಟು ತರಿಸುತ್ತೇವೆಂದು ಯಂಕವ್ವನಿಗೆ ಗೊತ್ತಿತ್ತು. ಆದರೆ ಒಂದರ ಮೇಲೊಂದು ಒಟ್ಟಿದಾಗ ಅದು ದನದ ಮೇವಿನ ಬಣವೆಯಂತೆ ಬೆಳೆಯತೊಡಗಿತು.

ಅದರ ಕೆಳಗೆ ಒಂದು ಫ್ಲೆಕ್ಸು ಮಡಚಿಕೊಂಡು ಕುಳಿತಿತ್ತು. ಬಿಚ್ಚಿ ಝಾಡಿಸಿದರೆ ಗಣಪತಿ ಹಬ್ಬಕ್ಕೆ ಊರ ಹುಡುಗರು ಹಾಕಿಸಿದ್ದು. ಸಾಲಾಗಿ ಇದ್ದ ಮುಖಗಳಲ್ಲಿ ಫಕ್ಕೀರೇಶನದೂ ಒಂದು. ಕಪ್ಪು ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮದುವೆಯಾದ ಹೊಸದರ ತೆಳ್ಳನೆಯ ಕೆನ್ನೆ. ಮೇಲೆ ಬಂದು ಬೆವರು ಒರೆಸಿಕೊಳ್ಳುತ್ತಿದ್ದ ಫಕ್ಕೀರೇಶ ಈಗ ನೆತ್ತಿ ಬೋಳಾಗುತ್ತಿರುವ, ಹೊಟ್ಟೆ ಬಂದಿರುವ ಗಂಡಸು. ಫ್ಲೆಕ್ಸಿನೊಳಗಿನವನು ಮಾತ್ರ ಅಷ್ಟು ವರ್ಷ ಕತ್ತಲಲ್ಲಿ ನಗುತ್ತಲೇ ಇದ್ದ. ಭಾಗ್ಯಶ್ರೀ ನಕ್ಕಳು, ಇನಾಯತ ನಕ್ಕ. ಫಕ್ಕೀರೇಶ ಅದನ್ನು ನೋಡುತ್ತ ಬಹಳ ಹೊತ್ತು ನಿಂತು, ಮಡಚಿ, ಬದಿಗಿಟ್ಟ.

ದಿನ ಕಳೆದಂತೆ ಯಂಕವ್ವ ಹಿಂದಕ್ಕೆ ಹಿಂದಕ್ಕೆ ಹೋಗತೊಡಗಿದಳು. ಮಗನ ಮದುವೆಯ ಊಟದ ಪ್ಲಾಸ್ಟಿಕ್ ಲೋಟ ಬಂದವು. ಹಂದರಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ ಬಂತು. ಮಣ್ಣು ತೊಳೆದರೆ ಹಳದಿ ಹಳದಿಯಾಗಿಯೇ ಇತ್ತು. ಅದೇ ದಿನ ಬಾಗಿಲಿಗೆ ಕಟ್ಟಿದ್ದ ಮಾವಿನ ಎಲೆಯ ತೋರಣ, ಬಾಳೆಕಂಬ, ಊಟದ ಮುತ್ತುಗದ ಎಲೆ ಇವನ್ನೂ ಅವಳೇ ಇದರೊಳಗೆ ನೂಕಿದ್ದಳು. ಅವು ಎಲ್ಲೂ ಇರಲಿಲ್ಲ. ಮಗಳು ಮಂಜುಳಾ ಶಾಲೆಗೆ ಹೋಗುವಾಗ ಮೆಟ್ಟುತ್ತಿದ್ದ ಗುಲಾಬಿ ಬಣ್ಣದ ಚಪ್ಪಲಿಯೊಂದು ಬಂತು. ಹೆಬ್ಬೆರಳಿನ ಉಂಗುಷ್ಟ ಕಿತ್ತುಹೋದದ್ದಕ್ಕೆ ಎಸೆದದ್ದು. ಆ ಮಂಜುಳಾ ಈಗ ಹಿರೇಕೆರೂರಲ್ಲಿ ಎರಡು ಮಕ್ಕಳ ತಾಯಿ. ಯಂಕವ್ವ ಚಪ್ಪಲಿಯನ್ನು ಅಂಗೈ ಮೇಲಿಟ್ಟು ನೋಡಿದಳು. ಹಿಮ್ಮಡಿ ಊರಿದ ಕಡೆ ಸವೆದ ಗುರುತು ಕೂಡ ಹಾಗೇ ಇತ್ತು. ಆ ಕಾಲು ಬೆಳೆದು, ಬೇರೆ ಮನೆ ಸೇರಿ, ಹಿಮ್ಮಡಿ ಒಡೆಯುವ ವಯಸ್ಸಿಗೆ ಬಂದಿದೆ. ಚಪ್ಪಲಿಗೆ ಅದರ ಸುದ್ದಿಯೇ ಇಲ್ಲ.

ಮಾರನೆಯ ದಿನ ಭಾಗ್ಯಶ್ರೀ ಒಂದು ಬುಟ್ಟಿಯಿಂದ ಉದ್ದನೆಯ ಸಣ್ಣ ನಳಿಕೆಯನ್ನು ಎಳೆದು ತೆಗೆದು, ಇದೇನೆಂದು ಕೇಳಿದಳು. ಯಂಕವ್ವನಿಗೆ ನೋಡಿದೊಡನೆ ತಿಳಿಯಿತು.

ಸಿದ್ದವ್ವ ಹಾಸಿಗೆ ಹಿಡಿದಾಗ ಡಾಕ್ಟರು ಮನೆಗೇ ಬಂದು ಪಡಸಾಲೆಯ ಕಂಬದ ಮೊಳೆಗೆ ಗ್ಲುಕೋಸಿನ ಬಾಟಲಿ ತೂಗುಹಾಕಿದ್ದರು. ಒಂದು ಬಾಟಲಿ ಮುಗಿಯಿತು, ಎರಡನೆಯದು ಅರ್ಧಕ್ಕೆ ನಿಂತಿತು. ಮಣ್ಣು ಮಾಡಿ ಬಂದ ಮೇಲೆ ಪಡಸಾಲೆ ಸಾರಿಸಿ, ಅಲ್ಲಿದ್ದುದನ್ನೆಲ್ಲ ಯಂಕವ್ವನೇ ಬಾಚಿ ತಂದು ಹಗೇವಿಗೆ ಹಾಕಿದ್ದಳು. ಬಾಟಲಿ, ನಳಿಕೆ, ಗುಳಿಗೆಯ ಹಾಳೆ. ಅವುಗಳ ಜೊತೆಗೆ ಸಿದ್ದವ್ವ ಮಲಗುತ್ತಿದ್ದ ಕೌದಿ. ಆ ಕೌದಿ ಊರಲ್ಲಿ ಹೆಸರು ಮಾಡಿದ್ದು. ಸಿದ್ದವ್ವ ತನ್ನ ಮದುವೆಯ ಇಳಕಲ್ಲ ಸೀರೆ, ಗಂಡನ ಧೋತರ, ಸತ್ತ ಕೂಸಿನ ಅಂಗಿ, ಎಲ್ಲ ಪದರ ಪದರ ಸೇರಿಸಿ ತಾನೇ ಹೊಲಿದದ್ದು. ಒಗೆದಾಗ ಹಿಂಡಲು ಇಬ್ಬರು ಬೇಕಾಗುತ್ತಿತ್ತು. ಚಳಿಗಾಲದಲ್ಲಿ ಅದರ ತುದಿ ಹಿಡಿದುಕೊಳ್ಳಲು ಮನೆಯ ಮಕ್ಕಳು ಜಗಳಾಡುತ್ತಿದ್ದರು.

ಯಂಕವ್ವ ಬುಟ್ಟಿಯನ್ನು ಬೋರಲು ಹಾಕಿದಳು. ಬಾಟಲಿ ಬಂತು, ಅದರ ಮೇಲಿನ ಅಕ್ಷರ ಇನ್ನೂ ಓದಲು ಬರುತ್ತಿದ್ದವು. ಗುಳಿಗೆಯ ಹಾಳೆಗಳು ಬಂದವು, ಬೆಳ್ಳಗೆ ಹೊಳೆಯುತ್ತ. ಕೌದಿ ಬರಲಿಲ್ಲ. ಫಕ್ಕೀರೇಶನಿಗೆ ಕೂಗಿ ಹೇಳಿ ಅದೇ ಜಾಗದಿಂದ ಇನ್ನೊಂದು ಬುಟ್ಟಿ ತರಿಸಿದಳು. ಅದರಲ್ಲೂ ಇಲ್ಲ. ಬೆರಳಿನಿಂದ ಕೆದರಿ ಕೆದರಿ ಹುಡುಕಿದಳು, ಒಂದು ಎಳೆ ನೂಲು ಕೂಡ ಸಿಕ್ಕಲಿಲ್ಲ. ನಳಿಕೆಯ ಸುರುಳಿಯ ನಡುವೆ ಕರ್ರಗಿನ, ಉದುರು ಉದುರಾದ ಮಣ್ಣು ಕೂತಿತ್ತು.

“ಅತ್ತಿ, ಅಷ್ಟ ದಪ್ಪನ ಕೌದಿ ಎಲ್ಲಿ ಹೋತ್ರಿ?” ಎಂದು ಭಾಗ್ಯಶ್ರೀ ಕೇಳಿದಳು.

ಯಂಕವ್ವ ಆ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಸೊಸೆಯ ಮುಂದೆ ಹಿಡಿದಳು.

“ಇದ ನೋಡವಾ ಕೌದಿ.”

ಯಂಕವ್ವ ಮಣ್ಣನ್ನು ಮೂಗಿನ ಹತ್ತಿರ ತಂದಳು. ಕಸದ ನಾತ ಇರಬಹುದೆಂದು ಅಂಜಿದ್ದಳು. ಮಿರಗದ ಮಳೆಯ ಮೊದಲ ಹನಿ ಬಿದ್ದಾಗ ಹೊಲದಿಂದ ಏಳುವಂಥ ವಾಸನೆ. ಸೀರೆ, ಧೋತರ, ಕೂಸಿನ ಅಂಗಿ, ಸಿದ್ದವ್ವ ಸಂಜೆಗಣ್ಣಿನಲ್ಲಿ ಹಾಕಿದ ಹೊಲಿಗೆ, ಒಂದು ಮನೆಯ ಅರ್ಧ ಆಯುಷ್ಯ, ಇಷ್ಟೇ ಇಷ್ಟು ಮಣ್ಣಾಗಿ ಬೆಚ್ಚಗೆ ಕೈಯಲ್ಲಿ ಕೂತಿತ್ತು. ಅದರೊಳಗಿಂದ ಒಂದು ಎರೆಹುಳ ತಲೆ ಎತ್ತಿ, ಬೆಳಕು ಕಂಡು, ಮತ್ತೆ ಒಳಗೆ ಸರಿಯಿತು. ಎರಡು ದಿನ ಮೈಗೆ ಚುಚ್ಚಿದ್ದ ನಳಿಕೆ ಪಕ್ಕದಲ್ಲಿ ಹೊಸದರಂತೆ ಬಿದ್ದಿತ್ತು. ಯಂಕವ್ವನಿಗೆ ಆಗ ಬಂದದ್ದು ಹೆದರಿಕೆಯೋ ಭಕ್ತಿಯೋ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಇಲ್ಲೇ, ತಾನು ದಿನಾ ಕಾಲಿಡುವ ಅಂಗಳದ ಕೆಳಗೆ, ಯಾರೂ ನೋಡದ ಕತ್ತಲಲ್ಲಿ, ಇಂಥದೊಂದು ಕೆಲಸ ಹಗಲೂ ರಾತ್ರಿ ನಡೆಯುತ್ತಿತ್ತಲ್ಲ, ಅದು ತನಗೆ ಗೊತ್ತೇ ಇರಲಿಲ್ಲವಲ್ಲ ಅನ್ನಿಸಿತು.

ಆಮೇಲೆ ಬಂದದ್ದು ಒಂದು ಕೆಂಪು ಪ್ಲಾಸ್ಟಿಕ್ ಕೊಡ, ಸೀಳು ಬಿಟ್ಟದ್ದು. ಊರಿಗೆ ಮೊದಲು ಪ್ಲಾಸ್ಟಿಕ್ ಕೊಡ ಬಂದಾಗ ಹಳೆಯ ಸೀರೆ ಕೊಟ್ಟು ಯಂಕವ್ವ ಕೊಂಡದ್ದು ಅದು. ತಾಮ್ರದ ಕೊಡ ಹೊತ್ತು ಸೊಂಟ ನೋಯುತ್ತಿದ್ದ ಕಾಲ. ಹೂವಿನಂತೆ ಹಗುರಾದ ಕೊಡ ಎತ್ತಿಕೊಂಡು ಬಾವಿಗೆ ಹೋದಾಗ ಓಣಿಯ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದ್ದರು. ಅದು ಒಡೆದ ದಿನ ಅತ್ತುಬಿಟ್ಟಿದ್ದಳು.

ಆ ಕೊಡದ ಕೆಳಗೆ ಏನೂ ಇರಲಿಲ್ಲ. ಬುಟ್ಟಿಯ ಮೇಲೆ ಬುಟ್ಟಿ ಬರೀ ಮಣ್ಣು ಬಂತು. ಜರಡಿಗೆ ಹಾಕಿದರೆ ಬಳೆಚೂರು, ಮಡಕೆಯ ತುಂಡು, ಒಂದೆರಡು ಕಲ್ಲು ಇಷ್ಟೇ ಮೇಲೆ ನಿಲ್ಲುತ್ತಿದ್ದವು. ಯಂಕವ್ವ ಕೈ ನಿಲ್ಲಿಸಿ ಲೆಕ್ಕ ಹಾಕಿದಳು. ತಾನು ಬರುವ ಮುಂಚೆಯೂ, ಬಂದ ಮೇಲೆಯೂ ಸಿದ್ದವ್ವ ಇಲ್ಲಿ ಹಾಕಿದ್ದೇನು ಕಡಿಮೆಯೇ? ಸವೆದ ಕಸಬರಿಗೆ, ಹರಿದ ಹಗ್ಗ, ಮುರಿದ ಮೊರ, ಹಬ್ಬ ಹಬ್ಬಕ್ಕೂ ಉಂಡ ಎಲೆ, ತೊಗಲಿನ ಕೆರ, ಗೋಣಿ, ಕಂಬಳಿ. ಮುದುಕಿ ಉಂಡು ಉಟ್ಟು ಬಾಳಿದ್ದೆಲ್ಲ ಸೇರಿ ಮಣ್ಣಾಗಿತ್ತು, ಒಂದು ಬೀಜ ಹಾಕಿದರೆ ನಾಳೆಯೇ ಮೊಳೆಯುವಂತಿತ್ತು. ಬೇವಿನ ಮರದ ಆ ಬದಿಗೆ ತನ್ನ ಪಾಲಿನದು ಬಣವೆಯಾಗಿ ನಿಂತಿತ್ತು. ಬಿಸಿಲಿಗೆ ಮಿಂಚುತ್ತಿತ್ತು. ಅದರಲ್ಲಿ ಒಂದಕ್ಕೂ ವಯಸ್ಸಾಗಿರಲಿಲ್ಲ.

ತಳ ಮುಟ್ಟಿದ ದಿನ ಫಕ್ಕೀರೇಶ ಒಳಗಿಂದ ಕೂಗಿ ಅವ್ವನನ್ನು ಕರೆದ. ಅವನ ದನಿ ಬೇರೆಯಾಗಿತ್ತು. ಏಣಿ ಇಳಿಬಿಟ್ಟು, ಬೇಡ ಬೇಡವೆಂದರೂ ಕೇಳದೆ, ಯಂಕವ್ವ ಸೀರೆ ಕಚ್ಚೆ ಹಾಕಿಕೊಂಡು ಇಳಿದಳು. ಒಳಗೆ ಅಷ್ಟು ಜಾಗವಿದೆಯೆಂದು ಅವಳಿಗೆ ಅಂದಾಜೇ ಇರಲಿಲ್ಲ. ನಡುವೆ ನಿಂತು ಕೈ ಚಾಚಿದರೂ ಗೋಡೆ ಸಿಗುತ್ತಿರಲಿಲ್ಲ. ಹೊರಗೆ ಚೈತ್ರದ ಬಿಸಿಲು ಕುದಿಯುತ್ತಿದ್ದರೆ ಅಲ್ಲಿ ಗುಡಿಯ ಗರ್ಭದಂಥ ತಂಪು. ಮೇಲಿನ ಬಾಯಿಯಿಂದ ಬೆಳಕು ಒಂದು ಕಂಬದ ಹಾಗೆ ನೇರ ಇಳಿದು ಅವಳ ಪಾದದ ಹತ್ತಿರ ನಿಂತಿತ್ತು.

ಫಕ್ಕೀರೇಶ ಮೊಬೈಲಿನ ಬೆಳಕನ್ನು ಮೇಲಕ್ಕೆ ಹಿಡಿದ. ಹಗೇವಿನ ಕುತ್ತಿಗೆಯ ಕೆಳಗೆ, ಗೋಡೆ ಒಳಕ್ಕೆ ಬಾಗುವ ಕಡೆ, ಕಸ ತಾಗದೆ ಉಳಿದಿದ್ದ ಒಂದು ಪಟ್ಟಿಯಲ್ಲಿ ಕೆಮ್ಮಣ್ಣು ಸಗಣಿಯ ಹಳೆಯ ಗಿಲಾವು ಹಾಗೇ ಇತ್ತು. ಅದರ ಮೇಲೆ ಬೆರಳಿನ ಗೆರೆಗಳು. ಯಾರೋ ಅಂಗೈ ಊರಿ, ಬೆರಳು ಬಿಡಿಸಿ, ಮಳೆಬಿಲ್ಲಿನ ಹಾಗೆ ಎಳೆದು ಎಳೆದು ಸಾರಿಸಿದ ಗೆರೆಗಳು. ಸಣ್ಣ ಕೈ, ಹೆಣ್ಣು ಕೈ.

ಮೇಲಿನಿಂದ ಬಾಗಿ ನೋಡುತ್ತಿದ್ದ ಶಿದ್ಲಿಂಗಪ್ಪ ಅದು ತನ್ನವ್ವನ ಕೈಯೇ ಅಂದ. ಜೋಳ ಹಾಕುವ ಮುಂಚೆ ಅವ್ವನನ್ನೇ ಇಳಿಸುತ್ತಿದ್ದರು, ತಾನು ಹುಡುಗನಾಗಿದ್ದಾಗ ಮೇಲಿನಿಂದ ಸಗಣಿ ಕಲಸಿ ಕೊಡುತ್ತಿದ್ದೆ ಅಂದ. ಯಂಕವ್ವ ಏಣಿಯ ಮೇಲೆ ನಿಂತು ತನ್ನ ಬೆರಳುಗಳನ್ನು ಆ ಗೆರೆಗಳ ಮೇಲೆ ಇಟ್ಟಳು. ಒಂದೊಂದೂ ಸರಿಯಾಗಿ ಕೂತಿತು. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಅತ್ತೆಯ ಜೊತೆ ದುಡಿದಿದ್ದಳು, ಜಗಳಾಡಿದ್ದಳು, ಕೊನೆಗಾಲದಲ್ಲಿ ಉಣಿಸಿದ್ದಳು. ಇಷ್ಟು ಹತ್ತಿರ ಎಂದೂ ನಿಂತಿರಲಿಲ್ಲ.

ಮೇಲೆ ಬಂದು ಮುಖ ತೊಳೆದು ಗಂಡನಿಗೆ ಹೇಳಿದಳು.

“ಇದನ್ನ ಮುಚ್ಚೂದು ಬ್ಯಾಡ್ರಿ. ಜ್ವಾಳಾ ಹಾಕೋಣು.”

ಫಕ್ಕೀರೇಶ ಟ್ರ್ಯಾಕ್ಟರಿನ ಮಾತು ತೆಗೆದ. ಗರಸು ಹೇಳಿಟ್ಟಾಗಿದೆ ಅಂದ. ಶಿದ್ಲಿಂಗಪ್ಪ ಹಗೇವಿನ ದಂಡೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡ. ಆಮೇಲೆ ಇನಾಯತನ ಕಡೆ ತಿರುಗಿ, ಗರಸು ಬೇಡಪ್ಪ, ಬಾಯಿಗೆ ಒಂದು ಒಳ್ಳೆ ಕಲ್ಲಿನ ಕಟ್ಟೆ ಕಟ್ಟಿಕೊಡು, ಮಳೆನೀರು ಹೊರಗೆ ಹರಿಯುವ ಹಾಗಿರಲಿ ಅಂದ. ಟ್ರ್ಯಾಕ್ಟರು ಬೇವಿನ ಮರದ ಕೆಳಗೇ ನಿಂತಿತು. ಈಗಲೂ ಅಲ್ಲೇ ನಿಲ್ಲುತ್ತದೆ, ಹಕ್ಕಿಗಳು ಅದರ ಮೇಲೆ ಹೇತಾಗಲೆಲ್ಲ ಫಕ್ಕೀರೇಶ ಬೈದುಕೊಳ್ಳುತ್ತಾನೆ.

ಕಷ್ಟ ಬಂದದ್ದು ಮರುದಿನ ಬೆಳಗ್ಗೆ. ಯಂಕವ್ವ ಅಂಗಳ ಗುಡಿಸಿ, ಬುಟ್ಟಿ ತುಂಬಿ, ಕಾಲಿನ ರೂಢಿಯಂತೆ ಹಗೇವಿನ ಬಾಯಿಗೆ ಹೋಗಿ ನಿಂತಳು. ಬುಟ್ಟಿ ಓರೆ ಮಾಡಿದವಳು ಹಾಗೇ ತಡೆದಳು. ಒಳಗೆ ತಂಪು ಕತ್ತಲು, ಅತ್ತೆಯ ಬೆರಳಿನ ಗೆರೆ. ಕೈಯಲ್ಲಿ ಕಸ. ಎಲ್ಲಿ ಹಾಕಬೇಕು? ಆಯುಷ್ಯದಲ್ಲಿ ಮೊದಲ ಸಲ ಆ ಪ್ರಶ್ನೆ ಅವಳಿಗೆ ಬಿತ್ತು. ನೆಲಕ್ಕೆ ಕುಳಿತು ಬುಟ್ಟಿ ಬಿಚ್ಚಿದಳು. ಬೇವಿನ ಎಲೆ, ಉಳ್ಳಾಗಡ್ಡಿ ಸಿಪ್ಪೆ, ಚಹಾದ ಗಷ್ಟು, ಬೂದಿ ಇವೆಲ್ಲ ಕೌದಿಯ ದಾರಿ ಹಿಡಿಯುವಂಥವು, ಹಿತ್ತಲ ತಿಪ್ಪೆಗೆ ಹೋಗಬಹುದು. ಉಳಿದದ್ದು ಮಾತ್ರ ಹೋಗಲಾರದು. ಅವನ್ನು ಕೈಯಲ್ಲಿ ಹಿಡಿದು ಎಲ್ಲಿಂದ ಬಂದವೆಂದು ನೋಡಿದಳು. ಎಲ್ಲವೂ ಅಂಗಡಿಯಿಂದ ಬಂದವು, ಎಲ್ಲವೂ ತಾವೇ ಹೋಗಿ ತಂದವು.

ಅಂದಿನಿಂದ ಮನೆಯೊಳಗೆ ಬರುವ ಪ್ರತಿ ಸಾಮಾನನ್ನೂ ಬಾಗಿಲಲ್ಲೇ ತಡೆದು ವಿಚಾರಿಸುವುದು ಅವಳಿಗೆ ಚಟವಾಯಿತು. ಗಾಣದಿಂದ ಶೇಂಗಾ ಎಣ್ಣೆ ತರಲು ಸ್ಟೀಲ್ ಡಬ್ಬಿ ಕಳಿಸಿದಳು. ಸಂತೆಗೆ ಹಳೆಯ ಧೋತರದ ಚೀಲ ಹೋಯಿತು. ಓಣಿಯಾಚೆಯ ಮನೆಯವರ ಎಮ್ಮೆಯ ಹಾಲು ತಂಬಿಗೆಯಲ್ಲಿ ಬರತೊಡಗಿತು. ಪಾತ್ರೆ ತಿಕ್ಕಲು ಬೂದಿ, ಒಣಗಿದ ಹೀರೇಕಾಯಿಯ ನಾರು. ಆ ಹೀರೆಬಳ್ಳಿಯನ್ನು ಅವಳು ಹಗೇವಿನಿಂದ ಬಂದ ಮಣ್ಣಿನಲ್ಲೇ ಹಾಕಿದ್ದಳು. ಅದು ಬಚ್ಚಲ ನೀರು ಕುಡಿದು, ಕೊಟ್ಟಿಗೆಯ ಮಾಡು ಹತ್ತಿ, ಆಚೆಯ ಗೋಡೆ ಇಳಿದು, ಕಾಯಿ ಹಂಚಲು ಓಣಿ ಸಾಲದಾಯಿತು. ಭಾಗ್ಯಶ್ರೀ ಎಲ್ಲಕ್ಕೂ ಒಪ್ಪಿದಳು, ಒಂದಕ್ಕೆ ಮಾತ್ರ ಇಲ್ಲ. ಸೀಗೆಕಾಯಿ ಕಣ್ಣು ಉರಿಸುತ್ತದೆ, ಶಾಂಪೂ ಬಿಡಲಾರೆ ಅಂದಳು. ಸಣ್ಣ ಪಾಕೀಟಿನ ಚೀಟಿ ತರುವುದು ಬಿಟ್ಟು ದೊಡ್ಡ ಬಾಟಲಿ ತಂದಳು, ಅದು ತಿಂಗಳುಗಟ್ಟಲೆ ಬಂತು. ಯಂಕವ್ವನೂ ಅದನ್ನು ಹೆಚ್ಚು ಜಗ್ಗಲಿಲ್ಲ. ಹಿರೇಕೆರೂರಿನಿಂದ ಮಂಜುಳಾ ಫೋನು ಮಾಡಿ, ಅವ್ವಗ ಏನಾಗೈತಿ ಎಂದು ಭಾಗ್ಯಶ್ರೀಯನ್ನು ಕೇಳಿದಳಂತೆ.

ಬೇವಿನ ಮರದ ಕೆಳಗಿನ ರಾಶಿಯನ್ನು ಏನು ಮಾಡಬೇಕೆಂಬುದು ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಸುಡುವುದು ಬೇಡವೆಂದು ಯಂಕವ್ವ ಹಟ ಹಿಡಿದಳು. ಪಂಚಾಯತಿಯ ಕಸದ ಗಾಡಿಯವರು ಬಾಟಲಿ, ಕೊಡ, ಚಪ್ಪಲಿ ಒಯ್ದರು. ಚೀಲ, ಚೀಟಿ, ಪಾಕೀಟುಗಳನ್ನು ಯಾರೂ ಕೇಳಲಿಲ್ಲ. ಅವನ್ನು ತೊಳೆದು ಒಣಗಿಸಿ ಗೋಣಿಗೆ ತುಂಬಿ ಕೊಟ್ಟಿಗೆಯ ಗೋಡೆಗೆ ಒಟ್ಟಿದರು. ಅಲ್ಲೇ ಇವೆ. ಯಾರಾದರೂ ಕೇಳಿದರೆ ಯಂಕವ್ವ, ಇವು ನಮ್ಮೆಲ್ಲರಿಗಿಂತ ಹೆಚ್ಚು ಬಾಳುವಂಥವು, ನೆರಳಿನಲ್ಲಿರಲಿ ಅನ್ನುತ್ತಾಳೆ.

ಹಗೇವು ಬೇಸಿಗೆಯೆಲ್ಲ ಬಾಯಿ ತೆರೆದುಕೊಂಡು ಒಣಗಿತು. ಶಿದ್ಲಿಂಗಪ್ಪ ಒಳಗೆ ಜೋಳದ ಒಣ ದಂಟಿನ, ಕಣಕಿಯ ಬೆಂಕಿ ಹಾಕಿ ಗೋಡೆ ಕಾಯಿಸಿದ. ಮಳೆಗಾಲಕ್ಕೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೇರಿಸಿದರು, ಒಂದು ಹನಿ ಇಳಿಯಲಿಲ್ಲ. ಆ ವರ್ಷ ಅವನು ಹಿಂಗಾರಿಗೆ ಹಳೆಯ ಬಿಳಿಜೋಳದ ಬೀಜವನ್ನು ಅಬಲೂರಿನ ಬೀಗರಿಂದ ತಂದು ಬಿತ್ತಿದ್ದ. ರಾಶಿ ಮುಗಿದ ಮೇಲೆ ಯಂಕವ್ವ ತಾನೇ ಒಳಗಿಳಿದು ಗೋಡೆ ಸಾರಿಸಿದಳು. ಕುತ್ತಿಗೆಯ ಕೆಳಗಿನ ಆ ಹಳೆಯ ಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ತಳಕ್ಕೂ ಸುತ್ತಲಿನ ಗೋಡೆಗೂ ಹೊಟ್ಟು ಕಣಕಿ ಒತ್ತಾಗಿ ಹಾಸಿ, ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ತುಂಬಿ, ಚಪ್ಪಡಿ ಎಳೆದು ಸಂದಿಗೆಲ್ಲ ಕೆಸರು ಮೆತ್ತಿದರು. ವಿಷದ ಗುಳಿಗೆ ಹಾಕಲಿಲ್ಲ. ಪ್ರತಿ ವರ್ಷ ಚೀಲಕ್ಕೆ ಆ ಬಿಳಿ ಗುಳಿಗೆ ಇಟ್ಟು ಕೋಣೆ ಮುಚ್ಚಿ, ಮಕ್ಕಳನ್ನು ಆ ಕಡೆ ಸುಳಿಯಗೊಡದೆ ಕಾಯುತ್ತಿದ್ದರು. ಒಂದು ವರ್ಷ ಬೆಕ್ಕು ಹೇಗೋ ಒಳಗೆ ಹೊಕ್ಕು ಸತ್ತಿತ್ತು. ಈ ಸಲ ಫಕ್ಕೀರೇಶ ಗುಳಿಗೆಯಿಲ್ಲದೆ ಜೋಳ ಹುಳ ಹಿಡಿದು ಹಿಟ್ಟಾಗುತ್ತದೆಂದು ಬಹಳ ವಾದ ಮಾಡಿದ. ಯಂಕವ್ವನ ಒಳಗೂ ಅಂಜಿಕೆ ಇತ್ತು. ಮಳೆಗಾಲದಲ್ಲಿ ಹಗೇವಿನ ಮೇಲಿನಿಂದ ನಡೆಯುವಾಗಲೆಲ್ಲ ಕಾಲು ಮೆಲ್ಲಗೆ ಇಡುತ್ತಿದ್ದಳು, ಮಲಗಿದವರನ್ನು ದಾಟುವ ಹಾಗೆ.

ಮರುವರ್ಷದ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ತೆರೆದರು. ಇನಾಯತನೂ ಸವಣೂರಿನಿಂದ ಬಂದಿದ್ದ, ತಾನು ಕಟ್ಟಿದ ಕಟ್ಟೆಯನ್ನು ನೋಡಲು ಅಂತ. ಕೆಸರು ಕೆತ್ತಿ, ಚಪ್ಪಡಿ ಸರಿಸಿ, ಮೇಲಿನ ಹೊಟ್ಟನ್ನು ಬಾಚಿ ತೆಗೆದರು. ಒಳಗಿಂದ ಬೆಚ್ಚನೆಯ, ಸ್ವಲ್ಪ ಹುಳಿಯಾದ, ಹೆಸರಿಲ್ಲದ ಒಂದು ವಾಸನೆ ಎದ್ದು ಅಂಗಳದ ತುಂಬ ನಿಂತಿತು. ಶಿದ್ಲಿಂಗಪ್ಪ ಕಣ್ಣು ಮುಚ್ಚಿದ. ಚಿಕ್ಕಂದಿನ ನಂತರ ಅವನಿಗೆ ಆ ವಾಸನೆ ಸಿಕ್ಕಿರಲಿಲ್ಲ.

ಯಾರನ್ನೂ ಬಾಗಗೊಡದೆ ಅವನು ಒಂದು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಉರಿ ನೆಟ್ಟಗೆ ನಿಂತು ಇಳಿಯಿತು. ಹಗೇವಿನ ಕುತ್ತಿಗೆ ದಾಟಿತು. ಜೋಳ ಇನ್ನೂ ಮುಟ್ಟಿರಲಿಲ್ಲ, ಗಾಳಿಯ ಸುಳಿವಿರಲಿಲ್ಲ, ಉರಿ ಚಿಕ್ಕದಾಗಿ, ನೀಲಿಯಾಗಿ, ಆರಿಹೋಯಿತು. ಒಳಗೆ ಯಾರೋ ಮೆಲ್ಲಗೆ ಊದಿದ ಹಾಗೆ. ಭಾಗ್ಯಶ್ರೀ ಒಂದು ಹೆಜ್ಜೆ ಹಿಂದೆ ಸರಿದು ಅತ್ತೆಯ ತೋಳು ಹಿಡಿದಳು.

“ಜ್ವಾಳಾ ಉಸರಾಡತೈತಿ,” ಅಂದ ಶಿದ್ಲಿಂಗಪ್ಪ. “ಒಳಗಿನ ಗಾಳಿ ಎಲ್ಲಾ ತಾನ ಕುಡದಿರತೈತಿ. ಹುಳಕ್ಕ ಬದಕಾಕ ಏನೂ ಉಳಸಿರೂದಿಲ್ಲ.”

ಫಕ್ಕೀರೇಶ ಆರಿದ ಕಂದೀಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಮತ್ತೆ ಹಚ್ಚಿ ತಾನೇ ಇಳಿಬಿಟ್ಟ. ಮತ್ತೆ ಅದೇ ಜಾಗದಲ್ಲಿ ಆರಿತು. ಆಮೇಲೆ ಅವನು ಗುಳಿಗೆಯ ಮಾತು ಆಡಲಿಲ್ಲ.

ಒಂದು ಹಗಲು ಪೂರ್ತಿ ಬಾಯಿ ತೆರೆದಿಟ್ಟು, ಬೇವಿನ ಟೊಂಗೆ ಆಡಿಸಿ, ಕಂದೀಲು ಜೋಳ ಮುಟ್ಟುವ ತನಕ ಉರಿಯುತ್ತ ಹೋದದ್ದನ್ನು ನೋಡಿಕೊಂಡು, ಮಾರನೆಯ ಬೆಳಗ್ಗೆ ಫಕ್ಕೀರೇಶ ಹಗ್ಗ ಕಟ್ಟಿಕೊಂಡು ಇಳಿದ. ಮೊದಲ ಬುಟ್ಟಿ ಮೇಲೆ ಬಂತು. ಯಂಕವ್ವ ಮುಂದೆ ಹೋಗಿ ಅದನ್ನು ತಾನೇ ಇಳಿಸಿಕೊಂಡಳು. ಜೋಳ ನೆಲದೊ­ಳಗಿದ್ದು ಹಾಲಿನ ಬಿಳುಪು ಬಿಟ್ಟು ತುಸು ಕೆನೆಬಣ್ಣಕ್ಕೆ ತಿರುಗಿತ್ತು. ಒಂದು ಕಾಳೂ ತೂತು ಬಿದ್ದಿರಲಿಲ್ಲ. ಅಂಚಿನಲ್ಲಿ ನಾಲ್ಕು ಹುಳ ಸತ್ತು ಒಣಗಿದ್ದವು, ಅಷ್ಟೇ.

ಸುದ್ದಿ ಹಬ್ಬಿ ಓಣಿಯ ಜನ ಬಂದು ನಿಂತಿದ್ದರು. ಹಗೇವಿನ ಜೋಳದ ರೊಟ್ಟಿಯ ರುಚಿ ಬಲ್ಲ ಒಬ್ಬಿಬ್ಬರು ಮುದುಕಿಯರು ಕಾಳು ಬಾಯಿಗೆ ಹಾಕಿಕೊಂಡು ಅಗಿದು ಮತ್ತೆ ಬುಟ್ಟಿಗೆ ಕೈ ಹಾಕಿದರು. ಕಂಡಿರದ ಚಿಕ್ಕವರು ಮೂಸಿ ನೋಡಿ ಮೂಗು ಮುರಿದು, ಮತ್ತೊಮ್ಮೆ ಮೂಸಿದರು. ಬುಟ್ಟಿ ಮೇಲೆ ಬುಟ್ಟಿ ಬಂದು ಅಂಗಳದಲ್ಲಿ ರಾಶಿ ಏಳತೊಡಗಿತು. ಹೊರಗೆ ಕಾರ್ತಿಕದ ಚಳಿ, ನಿಂತವರು ಮೈ ಮುದುಡಿಕೊಂಡಿದ್ದರು.

ಯಂಕವ್ವ ರಾಶಿಯ ಮುಂದೆ ಕುಳಿತು ಎರಡೂ ಕೈಗಳನ್ನು ಮೊಣಕೈ ತನಕ ಜೋಳದೊಳಗೆ ಇಳಿಸಿದಳು. ಬೆಚ್ಚಗಿತ್ತು. ಆಗತಾನೇ ಕರು ಹಾಕಿದ ಎಮ್ಮೆಯ ಪಕ್ಕೆಯ ಹಾಗೆ ಬೆಚ್ಚಗಿತ್ತು. ರೊಟ್ಟಿಗೆ ಹೊತ್ತಾಯಿತೆಂದು ಭಾಗ್ಯಶ್ರೀ ಒಳಗಿನಿಂದ ಕರೆದಳು. ಬಂದೆ ಅಂದಳು ಯಂಕವ್ವ, ಕೈ ಮಾತ್ರ ತೆಗೆಯಲಿಲ್ಲ.